ಕಸಿದುಕೊಂಡ ಕ್ಯಾಸೆಟ್ಟು



ಈ ಸಲ ನಾನು ಬರೆಯಹೊರಟಿರುವ ವಿಷಯವನ್ನು ಕಂಡು ಮೇಷ್ಟ್ರಿಗೆ ಅರಳುಮರಳು ಹಿಡಿಯಿತೆಂದು ನಿಮ್ಮಲ್ಲಿ ಹಲವರು ಭಾವಿಸಿದರೆ ನನಗೆ ಬೇಸರವಿಲ್ಲ. ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಕುಮಾರವ್ಯಾಸನ ಷಟ್ಪದಿಯನ್ನು ಬಿಡಿಸಿ ಹೇಳುತ್ತಿದ್ದವನು, ಎಪ್ಪತ್ತು ದಾಟಿದ ಮೇಲೆ ‘ಬ್ಲ್ಯಾಕ್ ಮೆಟಲ್’ ಎಂಬ ಪಾಶ್ಚಾತ್ಯ ಸಂಗೀತದ ಬಗ್ಗೆ ಏಕೆ ಬರೆಯಬೇಕು? ಅದಕ್ಕೆ ಎರಡು ಕ್ಯಾಸೆಟ್ಟುಗಳು ಕಾರಣ. ಒಂದನ್ನು ನಾನು ಒಬ್ಬ ಹುಡುಗನಿಂದ ಕಸಿದುಕೊಂಡೆ. ಇನ್ನೊಂದನ್ನು ನನ್ನ ಕೈಯಾರೆ ಕಳೆದುಕೊಂಡೆ. ಇವೆರಡಕ್ಕೂ ಸಂಬಂಧವಿದೆಯೆಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

1996ರ ಜುಲೈ ತಿಂಗಳು. ಆಗ ನಾನು ನಾಪೋಕ್ಲು ಕಡೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಪಾಠದ ಜೊತೆಗೆ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆಯೂ ನನ್ನ ಹೆಗಲಿಗೇ ಬಿದ್ದಿತ್ತು. ಕೊಡಗಿನ ಜುಲೈ ಎಂದರೆ ಏನೆಂದು ನಿಮಗೆ ವಿವರಿಸಬೇಕಾಗಿಲ್ಲ. ಕಾವೇರಿ ಗದ್ದೆಗೆ ಏರಿತ್ತು, ಭಾಗಮಂಡಲದ ರಸ್ತೆಯ ಮೇಲೆ ನೀರು ನಿಂತಿತ್ತು, ಕರೆಂಟು ಹೋಗಿ ಐದಾರು ದಿನವಾಗಿತ್ತು. ರಾತ್ರಿ ಹತ್ತರ ಸುಮಾರಿಗೆ ಟಾರ್ಚು ಹಿಡಿದು ಸುತ್ತು ಹಾಕುತ್ತಿದ್ದಾಗ, ಹತ್ತನೆಯ ತರಗತಿಯ ಒಬ್ಬ ಹುಡುಗ ಕಂಬಳಿಯೊಳಗೆ ವಾಕ್‌ಮನ್ ಇಟ್ಟುಕೊಂಡು ಏನನ್ನೋ ಕೇಳುತ್ತಿದ್ದುದು ಕಣ್ಣಿಗೆ ಬಿತ್ತು. ಅವನ ಕಿವಿಯಿಂದ ತಂತಿಯನ್ನು ಎಳೆದು ನನ್ನ ಕಿವಿಗೆ ಇಟ್ಟುಕೊಂಡೆ. ಮರ ಕೊಯ್ಯುವ ಮಿಲ್ಲಿನಲ್ಲಿ ಯಾರೋ ಕೈ ಸಿಕ್ಕಿಸಿಕೊಂಡು ಚೀರುತ್ತಿದ್ದಾರೆ, ಆ ಚೀತ್ಕಾರವನ್ನು ಮೂರು ಗುಡ್ಡದಾಚೆಯಿಂದ ಇನ್ನಾರೋ ಮುದ್ರಿಸಿಕೊಂಡಿದ್ದಾರೆ ಎಂಬಂತಿತ್ತು ಆ ಸದ್ದು. ಬೆಂಗಳೂರಿನ ಚಿಕ್ಕಪ್ಪನ ಮಗ ಕಾಪಿ ಮಾಡಿ ಕೊಟ್ಟ ಕ್ಯಾಸೆಟ್ಟಂತೆ. ಹೊದಿಕೆಯ ಮೇಲೆ ಪೆನ್ನಿನಲ್ಲಿ ‘ಬಾಥರಿ’ ಎಂದು ಬರೆದಿತ್ತು.

ಕಸಿದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೆ ಶಿಸ್ತಿನ ಮಾತಾಗುತ್ತಿತ್ತು. ಮರುದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, ಇದನ್ನು ಸಂಗೀತವೆಂದು ಕರೆಯುವವನಿಗೆ ಕಿವಿಯೂ ಇಲ್ಲ, ಮನಸ್ಸೂ ಇಲ್ಲ ಎಂದೆ. ಹುಡುಗರೆಲ್ಲ ನಕ್ಕರು. ಅವನು ನಗಲಿಲ್ಲ, ಅಳಲೂ ಇಲ್ಲ. ಕಿಟಕಿಯ ಕಡೆಗೆ ನೋಡುತ್ತ ನಿಂತಿದ್ದ. ಅವನ ತಂದೆ ಅದೇ ವರ್ಷ ಮೇ ತಿಂಗಳಿನಲ್ಲಿ ತೀರಿಕೊಂಡಿದ್ದರೆಂಬುದು ನನಗೆ ತಿಳಿದಿತ್ತು. ತಿಳಿದೂ ಅಂದು ಅದು ನೆನಪಿಗೆ ಬರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವನು ಮನೆಗೆ ಬಂದಿದ್ದ. ಈಗ ನಲವತ್ತೈದರ ಆಸುಪಾಸಿನ ಗೃಹಸ್ಥ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ. ಭಾನುವಾರಗಳಂದು ಮೂವರು ಗೆಳೆಯರೊಡನೆ ಬಾಡಿಗೆ ಕೋಣೆಯೊಂದರಲ್ಲಿ ಗಿಟಾರು ನುಡಿಸುತ್ತಾನಂತೆ. ‘ಯಾವ ಸಂಗೀತವಪ್ಪಾ?’ ಎಂದೆ. ‘ನೀವು ಕಸಿದುಕೊಂಡಿದ್ದಿರಲ್ಲ ಸಾರ್, ಅದೇ’ ಎಂದ. ಕೋಪವಿರಲಿಲ್ಲ, ನಗುತ್ತಲೇ ಹೇಳಿದ. ಆಮೇಲೆ ತನ್ನ ಚೀಲದಿಂದ ದೊಡ್ಡ ಹೆಡ್‌ಫೋನು ತೆಗೆದು, ‘ಅಂದು ಹತ್ತು ಸೆಕೆಂಡು ಕೇಳಿ ಬೈದಿರಿ. ಇಂದು ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ’ ಎಂದ. ನ್ಯಾಯವಾದ ಮಾತು. ಜಗಲಿಯಲ್ಲಿ ಕುಳಿತು ಆ ಮಧ್ಯಾಹ್ನವೆಲ್ಲ ಕೇಳಿದೆ.

ಅವನು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಸೇರಿಸಿ ಹೇಳುತ್ತೇನೆ. ಈ ಬಳಗದ ಮೂಲ ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್. ಅಲ್ಲಿನ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಟೋನಿ ಅಯೋಮಿ ಎಂಬ ಹುಡುಗನ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋಯಿತು. ಅವನು ಬೆರಳಿಗೆ ಪ್ಲಾಸ್ಟಿಕ್ ಟೋಪಿಗಳನ್ನು ಮಾಡಿ ತೊಡಿಸಿಕೊಂಡು ಗಿಟಾರು ನುಡಿಸಿದ. ಮುಂದೆ ನೋವು ಕಡಿಮೆಯಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಧ್ವನಿಮುದ್ರಿಕೆ ಬಂತು. ಹೆವಿ ಮೆಟಲ್ ಎಂಬುದರ ಆರಂಭವನ್ನು ಹೆಚ್ಚಿನವರು ಅಲ್ಲಿಂದ ಎಣಿಸುತ್ತಾರೆ. (ನನ್ನ ಮಾತು ಮಿಲ್ಲಿನಲ್ಲಿ ಕೈ ಸಿಕ್ಕಿಸಿಕೊಂಡವನ ಚೀತ್ಕಾರದಿಂದ ಶುರುವಾಗಿತ್ತಷ್ಟೆ. ತಿಳಿಯದೆ ಆಡಿದ್ದು ಅಷ್ಟು ದೂರವೇನೂ ಹೋಗಿರಲಿಲ್ಲ!) ‘ಬ್ಲ್ಯಾಕ್ ಮೆಟಲ್’ ಎಂಬ ಹೆಸರು ಬಂದದ್ದು ನ್ಯೂಕ್ಯಾಸಲ್ ಊರಿನ ‘ವೆನಮ್’ ತಂಡದ 1982ರ ಧ್ವನಿಮುದ್ರಿಕೆಯಿಂದ. ನಾನು ಕಸಿದುಕೊಂಡ ಬಾಥರಿಯು ಸ್ವೀಡನ್ನಿನದು. ಕ್ವಾರ್ಥಾನ್ ಎಂದು ಹೆಸರಿಟ್ಟುಕೊಂಡ ಹದಿಹರೆಯದ ಹುಡುಗ 1984ರಲ್ಲಿ ಅದರ ಮೊದಲ ಧ್ವನಿಮುದ್ರಿಕೆಯನ್ನು ಸ್ಟಾಕ್‌ಹೋಮಿನಲ್ಲಿ, ಕಾರು ನಿಲ್ಲಿಸುವ ಶೆಡ್ಡನ್ನು ಸ್ಟುಡಿಯೋ ಮಾಡಿಕೊಂಡಿದ್ದ ಜಾಗದಲ್ಲಿ ಮುದ್ರಿಸಿದ. ಕೈಯಲ್ಲಿ ಹಣವಿರಲಿಲ್ಲ, ಹಾಗಾಗಿ ಸದ್ದು ಒರಟಾಗಿತ್ತು. ಇಲ್ಲಿಯವರೆಗೆ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ.

ನನ್ನನ್ನು ಬೆಚ್ಚಿಸಿದ್ದು ಮುಂದಿನ ಹೆಜ್ಜೆ. ನಾರ್ವೆಯಲ್ಲಿ ‘ಡಾರ್ಕ್‌ಥ್ರೋನ್’ ಎಂಬ ತಂಡವಿದೆ. ಅವರ ಮೊದಲ ಧ್ವನಿಮುದ್ರಿಕೆ 1991ರಲ್ಲಿ ಬಂತು. ಸ್ಟಾಕ್‌ಹೋಮಿನ ಹೆಸರಾಂತ ಸ್ಟುಡಿಯೋದಲ್ಲಿ, ಆ ಕಾಲಕ್ಕೆ ಬೇಡಿಕೆಯಿದ್ದ ಡೆತ್ ಮೆಟಲ್ ಶೈಲಿಯಲ್ಲಿ, ನುರಿತ ಕೈಗಳಿಂದ ನುಡಿಸಿದ ಅಚ್ಚುಕಟ್ಟಾದ ಕೆಲಸ. ಮರುವರ್ಷವೇ ಅವರು ಆ ನಯವನ್ನೆಲ್ಲ ಕಿತ್ತೊಗೆದು ಬೇರೆಯೇ ಸದ್ದಿನೊಡನೆ ಬಂದರು. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಎಂಬುದನ್ನಂತೂ ಫೆನ್ರಿಜ್ ಎಂಬ ಸದಸ್ಯ ತನ್ನ ಮನೆಯಲ್ಲೇ, ನಾಲ್ಕು ಪದರಗಳಲ್ಲಿ ಮುದ್ರಿಸಬಲ್ಲ ಒಂದು ಸಣ್ಣ ಪೆಟ್ಟಿಗೆಯಲ್ಲಿ ಮುದ್ರಿಸಿದ. ಆ ಬಗೆಯ ಯಂತ್ರವು 1979ರಿಂದ ಮಾರುಕಟ್ಟೆಯಲ್ಲಿತ್ತು, ಅದಕ್ಕೆ ಹಾಕುವುದು ನಮ್ಮ ನಿಮ್ಮ ಮನೆಗಳಲ್ಲಿದ್ದ ಸಾಮಾನ್ಯ ಕ್ಯಾಸೆಟ್ಟನ್ನೇ. ಚೆನ್ನಾಗಿ ಮಾಡಲು ಬಾರದವರು ಒರಟಾಗಿ ಮಾಡುವುದು ಬೇರೆ. ಚೆನ್ನಾಗಿ ಮಾಡಿ ತೋರಿಸಿದವರು, ಬೇಡವೆಂದು ಅದನ್ನು ಬಿಟ್ಟು ಒರಟಿಗೆ ಹೋಗುವುದು ಬೇರೆ. ಸ್ಟುಡಿಯೋದವನನ್ನು ‘ನಿಮ್ಮಲ್ಲಿರುವ ಅತ್ಯಂತ ಕಳಪೆ ಮೈಕು ಕೊಡಿ’ ಎಂದು ಕೇಳಿದ ಇನ್ನೊಬ್ಬನೂ ಅದೇ ನಾರ್ವೆಯವನು. ಅವನ ಮಾತು ಮುಂದೆ ಬರುತ್ತದೆ, ಒಳ್ಳೆಯ ಕಾರಣಕ್ಕಲ್ಲ.

ಕನ್ನಡದ ಮೇಷ್ಟ್ರಿಗೆ ಇಲ್ಲಿ ಅಡಿಗರು ನೆನಪಾಗದಿರಲು ಸಾಧ್ಯವೇ? ‘ಭಾವತರಂಗ’ದಲ್ಲಿ ಅಷ್ಟು ಇಂಪಾಗಿ ಹಾಡಬಲ್ಲೆನೆಂದು ತೋರಿಸಿದ್ದ ಗೋಪಾಲಕೃಷ್ಣ ಅಡಿಗರು 1954ರಲ್ಲಿ ‘ಚಂಡೆಮದ್ದಳೆ’ಯನ್ನು ತಂದರು. ಹೆಸರಿನಲ್ಲೇ ಸದ್ದಿದೆ ನೋಡಿ. ವೀಣೆಯಲ್ಲ, ಕೊಳಲಲ್ಲ, ಬಯಲಾಟದ ಚಂಡೆ. ಲಯ ಒಡೆಯಿತು, ಸಾಲುಗಳು ಕರ್ಕಶವಾದವು, ಅರ್ಥವಾಗುವುದಿಲ್ಲವೆಂಬ ದೂರು ಕೇಳಿಬಂತು. ನಾನು ಅದನ್ನು ಪಾಠ ಮಾಡುವಾಗ ಹುಡುಗರಿಗೆ ಹೇಳುತ್ತಿದ್ದೆ: ‘ಇಂಪು ಹಳಸಿದಾಗ ಕವಿ ಕಿವಿಗೆ ಕಲ್ಲೆಸೆಯುತ್ತಾನೆ.’ ಅದೇ ಬಾಯಿಯಿಂದ, ಅದೇ ತರಗತಿಯಲ್ಲಿ ಆ ಹುಡುಗನಿಗೆ ಕಿವಿಯಿಲ್ಲವೆಂದವನು ನಾನೇ.

ಈ ಸದ್ದು ನಿಜಕ್ಕೂ ಹೇಗಿದೆಯೆಂದು ಹೇಳಬೇಕು. ಗಿಟಾರಿನ ಒಂದೇ ತಂತಿಯನ್ನು ಮೇಲೆ ಕೆಳಗೆ ಅತಿ ವೇಗದಲ್ಲಿ ಮೀಟುತ್ತಾರೆ. ಮೀಟುಗಳು ಬಿಡಿಬಿಡಿಯಾಗಿ ಕೇಳದೆ ಒಂದಕ್ಕೊಂದು ಬೆಸೆದು ಒಂದೇ ಎಳೆಯಾಗಿ ಹರಿಯುತ್ತವೆ. ಮದ್ದಳೆಯವನು ಹುಚ್ಚುಹಿಡಿದು ಒಂದೇ ಪೆಟ್ಟನ್ನು ನಿಮಿಷಗಟ್ಟಲೆ ಹೊಡೆದಂತೆ ಡ್ರಮ್ಮಿನ ಸದ್ದು. ಕೆಳಗಿನ ಗಂಭೀರ ಸ್ವರಗಳು ಇಲ್ಲವೇ ಇಲ್ಲವೆಂಬಷ್ಟು ತೆಳುವು. ಮೇಲಿನ ಕೀರಲು ಮಾತ್ರ ಮುಂದೆ. ಅದರ ಹಿಂದೆಲ್ಲೋ, ಗುಹೆಯೊಳಗಿಂದ ಬಂದಂತೆ ಮನುಷ್ಯನ ಚೀರು. ಹತ್ತು ನಿಮಿಷ ತಲೆನೋವು ಬಂತು. ಇಪ್ಪತ್ತನೆಯ ನಿಮಿಷಕ್ಕೆ, ಸುಳ್ಳು ಹೇಳುವುದಿಲ್ಲ, ಬೇರೇನೋ ಆಯಿತು. ವೇಗವೆಲ್ಲ ಕರಗಿ ಒಂದು ನಿಶ್ಚಲತೆ ಬಂತು. ಆ ಗದ್ದಲದ ಒಳಗಡೆ ನಿಧಾನವಾಗಿ ಚಲಿಸುವ, ಸರಳವಾದ, ದುಃಖದ ಒಂದು ರಾಗವಿತ್ತು. ಅದು ಮೊದಲಿನಿಂದಲೂ ಅಲ್ಲಿಯೇ ಇತ್ತು. ನನಗೆ ಕೇಳಲು ಅಷ್ಟು ಹೊತ್ತು ಬೇಕಾಯಿತು, ಅಷ್ಟೆ.

ಹೆಡ್‌ಫೋನು ತೆಗೆದಾಗ ತೋಟದಲ್ಲಿ ಜೀರುಂಡೆಗಳು ಕೂಗುತ್ತಿದ್ದವು. ಮಳೆಗೆ ಮುಂಚಿನ ಏಪ್ರಿಲ್–ಮೇ ತಿಂಗಳಿನಲ್ಲಿ ನಮ್ಮ ತೋಟಗಳಲ್ಲಿ ಅವು ಎಬ್ಬಿಸುವ ಸದ್ದನ್ನು ನೀವು ಬಲ್ಲಿರಿ. ಹೊರಗಿನಿಂದ ಬಂದ ನೆಂಟರು ಕಿವಿ ಮುಚ್ಚಿಕೊಳ್ಳುತ್ತಾರೆ, ನಮಗೆ ಅದು ಕೇಳಿಸುವುದೇ ಇಲ್ಲ. ಗಂಡು ಜೀರುಂಡೆ ತನ್ನ ಹೊಟ್ಟೆಯ ಪಕ್ಕದ ಬಿಗಿಯಾದ ಪೊರೆಯನ್ನು ಸೆಕೆಂಡಿಗೆ ನೂರಾರು ಸಲ ಕುಗ್ಗಿಸಿ ಹಿಗ್ಗಿಸುತ್ತದೆ. ಪ್ರತಿಯೊಂದು ಬಡಿತವೂ ಬೇರೆ. ಕೇಳುವುದು ಮಾತ್ರ ಒಂದೇ ಎಳೆ. ಶಿಷ್ಯನಿಗೆ ಇದನ್ನು ಹೇಳಿದಾಗ ಅವನು ಬಹಳ ಹೊತ್ತು ತೋಟದ ಕಡೆಗೆ ಕಿವಿಗೊಟ್ಟು ಕುಳಿತಿದ್ದ.

ನಮ್ಮ ಬಂಧುಗಳಲ್ಲಿ ಕೆಲವರಿಗೆ ಒಂದು ಆಕ್ಷೇಪ ಇದ್ದೇ ಇರುತ್ತದೆ: ಇದು ಸೈತಾನನ ಪೂಜೆಯಲ್ಲವೇ, ಮುಖಕ್ಕೆ ಬಿಳಿ–ಕಪ್ಪು ಬಳಿದು ಹೆಣದಂತೆ ವೇಷ ಹಾಕಿ ದೇವರನ್ನು ಬೈಯುವುದಲ್ಲವೇ? ವೇಷ ಹಾಕುತ್ತಾರೆ, ಬೈಯುತ್ತಾರೆ, ನಿಜ. ಆದರೆ ಗೋಣಿಕೊಪ್ಪದ ಹತ್ತಿರದ ದೇವರಪುರದಲ್ಲಿ ಪ್ರತಿವರ್ಷ ಮೇ ತಿಂಗಳಿನಲ್ಲಿ ನಡೆಯುವ ಕುಂಡೆ ಹಬ್ಬವನ್ನು ಕಂಡ ಕೊಡಗಿನವರು ಈ ಆಕ್ಷೇಪ ಎತ್ತುವ ಮೊದಲು ಸ್ವಲ್ಪ ಯೋಚಿಸಬೇಕು. ಜೇನುಕುರುಬರು, ಯರವರು ಮೊದಲಾದವರು, ವರ್ಷವೆಲ್ಲ ತೋಟಗಳಲ್ಲಿ ದುಡಿಯುವ ಜನ, ಅಂದು ಮುಖಕ್ಕೆ ಬಣ್ಣ ಬಳಿದು, ಗಂಡಸರು ಸೀರೆಯುಟ್ಟು, ಹಳೆಯ ಡಬ್ಬ, ಪ್ಲಾಸ್ಟಿಕ್ ಕ್ಯಾನು, ಸೋರೆಬುರುಡೆ ಬಡಿಯುತ್ತ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕಿವಿಯಲ್ಲಿ ಕೇಳಲಾಗದ ಮಾತುಗಳಿಂದ ಬೈಯುತ್ತಾರೆ. ತಮ್ಮನ್ನು ಕಾಡಿಗೆ ಕರೆತಂದ ದೇವರು ನಡುವೆ ಕೈಬಿಟ್ಟು ಭದ್ರಕಾಳಿಯ ಹಿಂದೆ ಹೋದನೆಂಬುದು ಅದರ ಕಥೆ. ಬೈಗುಳದಲ್ಲಿ ದೇವರಿಗೂ ಪಾಲು. ಅದೇ ಜನ ಅದೇ ದೇವರ ಗುಡಿಗೆ ಬಂದು ಹರಕೆ ಒಪ್ಪಿಸುತ್ತಾರೆ. ಬೈಗುಳವೇ ಅಲ್ಲಿ ಭಕ್ತಿ. ಆ ಡಬ್ಬದ ಸದ್ದನ್ನು ಶ್ರುತಿಗೆ ಸೇರಿಸಿ ಇಂಪು ಮಾಡಲು ಹೊರಟರೆ ಹಬ್ಬವೇ ಸತ್ತುಹೋಗುತ್ತದೆ.

ಹೋಲಿಕೆಯನ್ನು ಇನ್ನೂ ಎಳೆಯಲಾರೆ. ದೇವರಪುರದಲ್ಲಿ ಬೈಯುವವರ ಬೆನ್ನ ಹಿಂದೆ ವರ್ಷದ ದುಡಿಮೆಯೂ ತಲೆಮಾರುಗಳ ಸಂಕಟವೂ ಇವೆ. ನಾರ್ವೆಯ ಆ ಹುಡುಗರು ಜಗತ್ತಿನ ಅತಿ ಸುಖೀ ದೇಶವೊಂದರಲ್ಲಿ ಹುಟ್ಟಿದವರು. ಮತ್ತು ಅವರಲ್ಲಿ ಕೆಲವರಿಗೆ ವೇಷ ಎಲ್ಲಿ ಮುಗಿಯುತ್ತದೆಂದು ತಿಳಿಯಲಿಲ್ಲ. 1992ರ ಜೂನ್ 6ರಂದು ಬರ್ಗೆನ್ ನಗರದ ಫಾಂಟಾಫ್ಟ್ ಎಂಬಲ್ಲಿ, ಹನ್ನೆರಡನೆಯ ಶತಮಾನದ ಮರದ ಚರ್ಚೊಂದು ಬೆಂಕಿಗೆ ಆಹುತಿಯಾಯಿತು. ಅದರ ಬೆನ್ನಿಗೆ ಇನ್ನೂ ಹಲವು ಚರ್ಚುಗಳು ಉರಿದವು. 1993ರ ಆಗಸ್ಟಿನಲ್ಲಿ ‘ಮೇಹೆಮ್’ ತಂಡದ ಗಿಟಾರುವಾದಕನನ್ನು ‘ಬುರ್ಜುಮ್’ ಹೆಸರಿನಲ್ಲಿ ಹಾಡುತ್ತಿದ್ದ ವಿಕರ್ನೆಸ್ ಎಂಬವನು ಇರಿದು ಕೊಂದ. ಕೊಲೆಗೂ ಕೆಲವು ಚರ್ಚುಗಳಿಗೆ ಬೆಂಕಿಯಿಟ್ಟುದಕ್ಕೂ ಅವನಿಗೆ 21 ವರ್ಷದ ಶಿಕ್ಷೆಯಾಯಿತು, 2009ರಲ್ಲಿ ಹೊರಬಂದ. ಜನಾಂಗದ್ವೇಷವನ್ನು ಬಹಿರಂಗವಾಗಿ ಬರೆದುಕೊಂಡ ಮನುಷ್ಯ. ಕಳಪೆ ಮೈಕು ಕೇಳಿದವನು ಇವನೇ.

‘ಹಾಡು ಬೇರೆ, ಹಾಡಿದವನು ಬೇರೆ ಎನ್ನುವವರಿದ್ದಾರೆ ಸಾರ್’ ಎಂದ ಶಿಷ್ಯ. ‘ನೀನು?’ ಎಂದೆ. ‘ಚಿಕ್ಕವನಿದ್ದಾಗ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ’ ಎಂದ. ನಾನು ಅವನದನ್ನು ಕೇಳಲು ಒಪ್ಪಲಿಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚು ದೊಡ್ಡ ವೀರರಾಜೇಂದ್ರನ ಕಾಲದಲ್ಲಿ, 1792ರಲ್ಲಿ ನೆಲೆಗೊಂಡದ್ದು. ಆ ಎತ್ತರದ ಗೋಪುರವನ್ನು ನೋಡದೆ ನಾವು ಯಾರೂ ವಿರಾಜಪೇಟೆ ಸಂತೆಗೆ ಹೋದವರಲ್ಲ. ಅದಕ್ಕೆ ಬೆಂಕಿಯಿಟ್ಟವನೊಬ್ಬ ಎಷ್ಟೇ ಅದ್ಭುತವಾಗಿ ತಂತಿ ಮೀಟಲಿ, ನಾನು ಅವನ ಮುಂದೆ ಕುಳಿತು ತಲೆದೂಗಲಾರೆ. ಕಲೆಗೆ ಒರಟಾಗುವ ಹಕ್ಕಿದೆಯೆಂದು ವಾದಿಸುವವನೇ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು. ಇಲ್ಲವಾದರೆ ಒರಟು ಸದ್ದನ್ನೂ ಒರಟು ಕೃತ್ಯವನ್ನೂ ಒಂದೇ ಚೀಲಕ್ಕೆ ತುಂಬುವವರ ಕೆಲಸವನ್ನು ನಾವೇ ಸುಲಭ ಮಾಡಿಕೊಟ್ಟಂತಾಗುತ್ತದೆ. ಈ ಸಂಗೀತ ಕೇಳುವವರಲ್ಲಿ ಅತಿ ಹೆಚ್ಚಿನವರು ಬೆಂಕಿಪೊಟ್ಟಣವನ್ನು ಒಲೆಗೆ ಮಾತ್ರ ಬಳಸುವವರು.

ನಮ್ಮ ದೇಶದಲ್ಲೂ ಇದರ ಬಿತ್ತನೆಯಾಗಿದೆ. ದಿಲ್ಲಿಯಲ್ಲಿ ‘1833 ಎ.ಡಿ.’, ಕೋಲ್ಕತ್ತದಲ್ಲಿ ‘ಕಪಾಲ’ ಎಂಬ ತಂಡಗಳಿವೆ. ಬೆಂಗಳೂರಿನಲ್ಲಿ ಮೆಟಲ್ ಸಂಗೀತದ ಬೇರು ಇನ್ನೂ ಆಳದ್ದು. 2007ರ ಮಾರ್ಚಿನಲ್ಲಿ ಅರಮನೆ ಮೈದಾನಕ್ಕೆ ‘ಐರನ್ ಮೇಡನ್’ ಬಂದಾಗ ನನ್ನ ವಿದ್ಯಾರ್ಥಿಗಳಲ್ಲೇ ಎಷ್ಟು ಜನ ಬಸ್ಸು ಹತ್ತಿದ್ದಿರೆಂದು ಈಗ ಗೊತ್ತಾಗುತ್ತಿದೆ! ಆದರೆ ಮೈದಾನ ತುಂಬಿಸುವ ಸಂಗೀತ ಬೇರೆ, ನೆಲದಡಿಯದು ಬೇರೆ. ನನಗೆ ಹೆಚ್ಚು ಸಂತೋಷವಾದದ್ದು ‘ದ್ವೇಷ’ ಎಂಬ ಬೆಂಗಳೂರಿನ ತಂಡದ ಸುದ್ದಿ ಕೇಳಿ. ಅವರು ಕನ್ನಡದಲ್ಲಿ ಹಾಡುತ್ತಾರೆ. 2014ರಲ್ಲಿ ಬಂದ ಅವರ ‘ಸ್ತೂಪ’ ಎಂಬ ಧ್ವನಿಮುದ್ರಿಕೆಯಲ್ಲಿ ‘ಹೊಯ್! ಸಳ’ ಎಂಬ ಹಾಡೇ ಇದೆ. ನಾನು ಪ್ರತಿವರ್ಷ ಬೋರ್ಡಿನ ಮೇಲೆ ಹುಲಿಯ ಚಿತ್ರ ಬರೆದು ಹೇಳುತ್ತಿದ್ದ ಸಳನ ಕಥೆ! ‘ಇದು ಬ್ಲ್ಯಾಕ್ ಮೆಟಲ್ ಅಲ್ಲ ಸಾರ್, ಡೆತ್ ಮೆಟಲ್’ ಎಂದು ಶಿಷ್ಯ ತಿದ್ದಿದ. ಹೊರಗಿನವರಿಗೆ ಕೊಡವ ತಕ್ಕೂ ಅರೆಭಾಷೆಯೂ ಒಂದೇ ಎನಿಸುವಂತೆ ನನಗೆ ಎರಡೂ ಒಂದೇ ಎನಿಸಿತ್ತು. ಅದು ಎದೆಯಾಳದಿಂದ ಗುಡುಗುತ್ತದೆ, ಇದು ಗಂಟಲಿನಿಂದ ಚೀರುತ್ತದೆ. ಅದು ಕಲ್ಲಿನಂತೆ ಭಾರ, ಇದು ಮಂಜಿನ ಗಾಳಿಯಂತೆ ತೆಳು. ಅಷ್ಟು ಕಲಿತೆ. ಆದರೆ ಒಂದು ದೂರಿದೆ. ಕನ್ನಡದಲ್ಲಿ ಹಾಡುತ್ತಾರೆಂದು ಕಿವಿ ನೆಟ್ಟು ಕುಳಿತರೆ ಒಂದೇ ಒಂದು ಪದ ಬಿಡಿಸಿ ಕೇಳಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳಿಗಾಗಿ ಬೆತ್ತ ಹಿಡಿದವನ ಗತಿ ನೋಡಿ.

ಇನ್ನು ನನ್ನ ಎರಡನೆಯ ಕ್ಯಾಸೆಟ್ಟಿನ ಮಾತು.

1987ರ ಹುತ್ತರಿಯ ರಾತ್ರಿ, ಶಾಲೆಯ ಹತ್ತಿರದ ಒಂದು ಐನ್‌ಮನೆಯಲ್ಲಿ ನಾಲ್ವರು ಹಿರಿಯರು ಕುಳಿತು ದುಡಿ ಕೊಟ್ಟಿ ಹಾಡಿದರು. ಆ ಹಾಡುಗಾರಿಕೆಯ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತು. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನೇ ಮರಳಿ ಹಾಡುತ್ತಾರೆ, ನಾಲ್ಕು ಕೈಗಳಲ್ಲೂ ಆ ಪುಟ್ಟ ದುಡಿ ಒಂದೇ ಲಯದಲ್ಲಿ ನುಡಿಯುತ್ತಿರುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳನ್ನು ಅಕ್ಷರಕ್ಕಿಳಿಸಿ ಉಳಿಸಿಕೊಟ್ಟರು. ಆದರೆ ದನಿಯನ್ನು ಪುಸ್ತಕದಲ್ಲಿ ಉಳಿಸಲಾಗದು. ನನ್ನಲ್ಲೊಂದು ಹಳೆಯ ಫಿಲಿಪ್ಸ್ ಟೇಪ್ ರೆಕಾರ್ಡರ್ ಇತ್ತು. ಜಗಲಿಯ ಮೂಲೆಯಲ್ಲಿಟ್ಟು ಗುಂಡಿ ಒತ್ತಿದೆ. ಒಂದು ಗಂಟೆಯ ಕ್ಯಾಸೆಟ್ಟು ತುಂಬಿತು. ಅದರಲ್ಲಿ ನಾಲ್ವರ ಹಾಡಿನ ಜೊತೆಗೆ ಟೇಪಿನ ಸುಯ್ಯೆಂಬ ಸದ್ದು, ನಾಯಿ ಬೊಗಳಿದ್ದು, ದೂರದಲ್ಲಿ ಕೋವಿ ಸಿಡಿದದ್ದು, ಒಬ್ಬರ ಕೆಮ್ಮು, ಸಾಲು ಮರೆತಾಗ ಪಕ್ಕದವರು ಮೆಲ್ಲಗೆ ಹೇಳಿಕೊಟ್ಟದ್ದು, ಒಳಗಿನಿಂದ ಹೆಂಗಸರ ನಗು, ಎಲ್ಲವೂ ಇದ್ದವು. ಹಿರಿಯ ಹಾಡುಗಾರರಿಗೆ ಆಗ ಎಂಬತ್ತು, ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋದಾಗ ಅದು ಸೀಳಿ ಬರುತ್ತಿತ್ತು.

2006ರಲ್ಲಿ ನಾಲ್ವರಲ್ಲಿ ಕೊನೆಯವರೂ ತೀರಿಕೊಂಡರು. ವರ್ಷಾಂತಿಕಕ್ಕೆ ಸಿ.ಡಿ. ಮಾಡಿ ಬಂಧುಗಳಿಗೆ ಹಂಚೋಣವೆಂದು ಮನೆಯವರು ಕೇಳಿದಾಗ ನಾನು ಉತ್ಸಾಹದಿಂದ ಕ್ಯಾಸೆಟ್ಟನ್ನು ನಗರದ ಒಂದು ಅಂಗಡಿಗೆ ಕೊಟ್ಟೆ. ‘ಗಲಾಟೆಯನ್ನೆಲ್ಲ ತೆಗೆದು ಶುದ್ಧ ಮಾಡಿಕೊಡಿ’ ಎಂದು ಹೇಳಿದ್ದು ನಾನೇ. ಯಾರನ್ನೂ ದೂರುವಂತಿಲ್ಲ. ಹಾಡಿಲ್ಲದ ಕಡೆಯ ಬರಿಯ ಸುಯ್ ಸದ್ದನ್ನು ಗಣಕಯಂತ್ರಕ್ಕೆ ತೋರಿಸಿ, ಅದಕ್ಕೆ ಹೊಂದುವುದನ್ನೆಲ್ಲ ಇಡೀ ಮುದ್ರಣದಿಂದ ಕಳೆಯುವುದು ಅವರ ವಿಧಾನ. ಅದು ಸುಯ್ಯನ್ನೂ ಕಳೆಯಿತು, ಉಸಿರನ್ನೂ ಕಳೆಯಿತು, ದುಡಿಯ ತೊಗಲಿನ ಮೊನಚನ್ನೂ ಕಳೆಯಿತು. ನಾಯಿಯನ್ನು, ಕೆಮ್ಮನ್ನು, ನಗುವನ್ನು ಕತ್ತರಿಸಿ ತೆಗೆದರು. ಮೇಲೆ ಒಂದಿಷ್ಟು ಪ್ರತಿಧ್ವನಿ ಸವರಿದರು. ನಾಲ್ವರು ಹಿರಿಯರು ನೀರಿನೊಳಗೆ ಕುಳಿತು ರಟ್ಟಿನ ಪೆಟ್ಟಿಗೆ ತಟ್ಟಿದಂತೆ ಕೇಳಿತು. ಮೂಲ ಕ್ಯಾಸೆಟ್ಟನ್ನು ಕೇಳಿದರೆ, ಟೇಪು ಸಿಕ್ಕಿಹಾಕಿಕೊಂಡು ಹರಿಯಿತು, ಎಸೆದೆವು ಎಂದರು. ಮನೆಯವರು ಸಿ.ಡಿ.ಯನ್ನು ಮೆಚ್ಚಿಕೊಂಡರು. ಹಿರಿಯರ ಮಗಳೊಬ್ಬರು ಮಾತ್ರ, ‘ಚೆನ್ನಾಗಿದೆ ಮಾಷ್ಟ್ರೇ, ಆದರೆ ಅಪ್ಪ ಎಲ್ಲಿ?’ ಎಂದರು. ನನಗೆ ಆಗ ಉತ್ತರ ತೋಚಲಿಲ್ಲ.

ಜಗಲಿಯಲ್ಲಿ ಆ ಸಂಜೆ ಶಿಷ್ಯನಿಗೆ ಈ ಸಿ.ಡಿ.ಯನ್ನು ಕೇಳಿಸಿದೆ. ಎರಡು ಹಾಡು ಕೇಳಿ, ‘ಈ ಮನೆಯಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲವೇ ಸಾರ್?’ ಎಂದ. ಅರುವತ್ತು ಜನರಿದ್ದರು ಎಂದೆ.

ಅವನ ಸಂಗೀತದ ಒರಟುತನದ ಸೆಳೆತ ನನಗೆ ಗೊತ್ತಾದದ್ದು ಆ ಪ್ರಶ್ನೆಯಿಂದ. ಕೋಣೆ, ಯಂತ್ರ, ಚಳಿ, ಬಡತನ, ತಪ್ಪು ಮೀಟಿದ ಬೆರಳು ಇವೆಲ್ಲವೂ ಆ ಮುದ್ರಣಗಳಲ್ಲಿ ಉಳಿದುಕೊಂಡಿವೆ. ಯಾರೋ ಎಲ್ಲೋ ಒಂದು ಕಡೆ ನಿಜವಾಗಿ ಕುಳಿತು ಇದನ್ನು ಮಾಡಿದ್ದಾರೆಂಬ ಸಾಕ್ಷ್ಯವನ್ನು ಅವರು ಅಳಿಸುವುದಿಲ್ಲ. ಎಲ್ಲರಿಗೂ ಹಿಡಿಸಲೆಂದು ಉಜ್ಜಿ ಹೊಳಪು ಕೊಟ್ಟ ಹಾಡಿಗೆ ನಾವು ಗಿರಾಕಿಗಳು. ಕಾಪಿಯ ಕಾಪಿಯಾಗಿ ಅಂಚೆಯಲ್ಲಿ ಅಪರಿಚಿತರಿಂದ ಅಪರಿಚಿತರಿಗೆ ಬರುತ್ತಿದ್ದ, ಪ್ರತಿ ಕಾಪಿಗೂ ಒಂದಿಷ್ಟು ಸುಯ್ ಹೆಚ್ಚಾಗುತ್ತಿದ್ದ ಕ್ಯಾಸೆಟ್ಟನ್ನು ಕಂಬಳಿಯೊಳಗೆ ಕೇಳುವ ಹುಡುಗ ಗಿರಾಕಿಯಲ್ಲ. ಅವನಿಗೆ ಯಾರೋ ಪತ್ರ ಬರೆದಿದ್ದಾರೆ. ನಾನೂ ಬಾಲ್ಯದಲ್ಲಿ ರೇಡಿಯೋ ಸಿಲೋನನ್ನು ಹಾಗೆಯೇ ಕೇಳಿದವನು. ಗೊರಗೊರದ ನಡುವೆ ತೇಲಿ ಮುಳುಗಿ ಬರುತ್ತಿದ್ದ ಆ ಹಾಡುಗಳನ್ನು ಈಗ ಮೊಬೈಲಿನಲ್ಲಿ ಸ್ಪಷ್ಟವಾಗಿ ಕೇಳಿದರೆ ಏನೋ ಕಡಿಮೆಯೆನಿಸುತ್ತದೆ. ಕಡಲಾಚೆಯಿಂದ ಬಂದ ಆ ದೂರವೇ ಅದರಲ್ಲಿ ಇಲ್ಲ.

ಎಲ್ಲವನ್ನೂ ಮೆಚ್ಚಿದೆನೆಂದು ತಿಳಿಯಬೇಡಿ. ಈ ದಾರಿಯಲ್ಲೂ ನಕಲಿಗಳಿದ್ದಾರೆ. ಸ್ವಚ್ಛವಾಗಿ ಮುದ್ರಿಸಿ, ಆಮೇಲೆ ಹಳೆಯ ಟೇಪಿನ ಸುಯ್ ಸದ್ದನ್ನು ಸೇರಿಸುವ ತಂತ್ರಾಂಶವೇ ಈಗ ಸಿಗುತ್ತದಂತೆ. ಹೊಸ ಪ್ಯಾಂಟನ್ನು ಮಂಡಿಯ ಬಳಿ ಹರಿದು ಮಾರುವ ವ್ಯಾಪಾರ ಅದು. ಅಂಗಡಿಯವನು ಉಸಿರನ್ನು ಅಳಿಸಿದ, ಇವನು ಇಲ್ಲದ ಉಸಿರನ್ನು ಅಂಟಿಸುತ್ತಾನೆ. ಹಾಡುಗಳು ಒಂದರಂತೆ ಇನ್ನೊಂದು ಎಂಬ ನನ್ನ ದೂರಿಗೂ ಶಿಷ್ಯ ಸಮಾಧಾನಕರ ಉತ್ತರ ಕೊಡಲಿಲ್ಲ. ದುಃಖವನ್ನೇ ಹೊದ್ದು ಮಲಗುವ ಚಟವೂ ಕೆಲವರಲ್ಲಿ ಕಾಣುತ್ತದೆ; ಹದಿನಾರರಲ್ಲಿ ಅದು ಸಹಜ, ನಲವತ್ತರಲ್ಲಿ ಅಷ್ಟಾಗಿ ಒಳ್ಳೆಯದಲ್ಲ.

ಹೊರಡುವ ಮುನ್ನ ಅವನನ್ನು ಒಂದು ಮಾತು ಕೇಳಿದೆ. ‘ಆ ವರ್ಷ ಅದನ್ನೇ ಏಕೆ ಕೇಳುತ್ತಿದ್ದೆ?’ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: ‘ಅಪ್ಪ ಹೋದ ಮೇಲೆ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು ಸಾರ್. ಮನೆಯಲ್ಲಿ ಯಾರೂ ಕಿರುಚಲಿಲ್ಲ. ಯಾರಾದರೂ ಕಿರುಚಬೇಕಿತ್ತು.’

ಅಟ್ಟದ ಮೇಲಿನ ಟ್ರಂಕಿನಲ್ಲಿ ನಾನು ಕಸಿದುಕೊಂಡ ವಸ್ತುಗಳ ಒಂದು ಡಬ್ಬವಿದೆ. ಬುಗುರಿ, ಬಣ್ಣದ ಪೆನ್ನು, ಮೂರು ಪ್ರೇಮಪತ್ರ (ಬರೆದವರು ಹೆದರಬೇಡಿ, ಓದಿಲ್ಲ) ಇವುಗಳ ನಡುವೆ ಆ ಕ್ಯಾಸೆಟ್ಟೂ ಸಿಕ್ಕಿತು. ಇಷ್ಟು ಮಳೆಗಾಲ ಕಂಡು ಟೇಪಿಗೆಲ್ಲ ಬಿಳಿ ಬೂಷ್ಟು ಹಿಡಿದಿತ್ತು. ಅವನು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿ, ‘ಬೂಷ್ಟು ಒರೆಸಿ ಹಾಕಿದರೆ ಬರಬಹುದು, ಇನ್ನೂ ಚೆನ್ನಾಗಿ ಕೇಳಬಹುದು’ ಎಂದು ನಕ್ಕ. ತರಗತಿಯಲ್ಲಿ ಅಂದು ಆಡಿದ ಮಾತಿಗೆ ನಾನು ಕ್ಷಮೆ ಕೇಳಿದೆ. ‘ಬಿಡಿ ಸಾರ್’ ಎಂದ. ತರಗತಿಯಲ್ಲಿ ಎಲ್ಲರ ಮುಂದೆ ಆಡಿದ್ದಾದ್ದರಿಂದ ಇಲ್ಲಿ ನಿಮ್ಮೆಲ್ಲರ ಮುಂದೆಯೂ ಕೇಳುತ್ತಿದ್ದೇನೆ. ಅಂದು ನಕ್ಕವರಲ್ಲಿ ಕೆಲವರು ಇದನ್ನು ಓದುತ್ತಿರುವಿರಿ.

ಕೊನೆಗೊಂದು ಕೋರಿಕೆ. 1987ರ ಆ ಹುತ್ತರಿ ಕ್ಯಾಸೆಟ್ಟಿನ ಎರಡು ಕಾಪಿಗಳನ್ನು ನಾನು ಆಗಲೇ ಮಾಡಿದ್ದೆ. ಒಂದನ್ನು ಹಾಡುಗಾರರ ಮನೆಗೆ ಕೊಟ್ಟೆ. 2018ರ ಮಳೆಯಲ್ಲಿ ಆ ಮನೆಯ ಹಿಂಭಾಗ ಕುಸಿದಾಗ ಅದು ಹೋಯಿತು. ಇನ್ನೊಂದನ್ನು ಆ ವರ್ಷದ ಯಾರೋ ವಿದ್ಯಾರ್ಥಿ ಕೇಳಿ ಪಡೆದಿದ್ದ, ಯಾರೆ೦ದು ನೆನಪಿಗೆ ಬರುತ್ತಿಲ್ಲ. ಸೋನಿ ಕಂಪನಿಯ ಅರುವತ್ತು ನಿಮಿಷದ ಕ್ಯಾಸೆಟ್ಟು, ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ನನ್ನ ಅಕ್ಷರ. ಬೂಷ್ಟು ಹಿಡಿದಿದ್ದರೂ, ಅರ್ಧಕ್ಕೆ ಹರಿದಿದ್ದರೂ, ಅದರ ಮೇಲೆ ಸಿನಿಮಾ ಹಾಡು ತುಂಬಿಸಿ ತುದಿಯಲ್ಲಿ ಐದು ನಿಮಿಷ ಮಾತ್ರ ಉಳಿದಿದ್ದರೂ ಪರವಾಗಿಲ್ಲ. ದಯವಿಟ್ಟು ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ಸಿಕ್ಕರೆ ಯಾವ ಅಂಗಡಿಗೂ ಕೊಡಬೇಡಿ, ಒರೆಸಲೂ ಬೇಡಿ, ನನಗೊಂದು ಫೋನು ಮಾಡಿ. ಇದ್ದುದನ್ನು ಇದ್ದ ಹಾಗೆಯೇ ಇಳಿಸಿಕೊಡಲು ಶಿಷ್ಯ ಒಪ್ಪಿದ್ದಾನೆ. ಆ ಹೆಣ್ಣುಮಗಳಿಗೆ ಈಗ ಎಂಬತ್ತೊಂದು.